ನಿನ್ನೆಯ ಹಾಳೆಯಲ್ಲಿ ಒಂದು ತಿದ್ದುಪಡಿ

ಎಲ್ಲರಿಗೂ ನಮಸ್ಕಾರ. ನಿನ್ನೆ ಹಾಕಿದ ಇಂಗ್ಲಿಷ್ ಅಭ್ಯಾಸದ ಹಾಳೆಯಲ್ಲಿ ಮೂರನೇ ವಾಕ್ಯ ನೋಡಿ. ‘ಫಾರ್ಮ್’ ಇರಬೇಕಾದ ಕಡೆ ‘ಫ್ರಮ್’ ಅಂತ ಟೈಪ್ ಮಾಡಿದ್ದೇನೆ. ಓ ಮತ್ತು ಆರ್ ಅದಲುಬದಲಾಗಿವೆ, ಅಷ್ಟೇ. ಎರಡೂ ನಿಜವಾದ ಪದಗಳೇ, ಹಾಗಾಗಿ ಸ್ಪೆಲ್ ಚೆಕ್ ಕೆಂಪು ಗೆರೆ ಎಳೆಯಲಿಲ್ಲ. ಇಬ್ಬರು ಅರ್ಧ ಗಂಟೆ ಡಿಕ್ಷನರಿ ತಿರುವಿ ಹಾಕಿದರಂತೆ. ನಿಜಕ್ಕೂ ಬೇಜಾರಾಯಿತು, ಕ್ಷಮಿಸಿ.

‘ಕ್ವಯಟ್’, ‘ಕ್ವೈಟ್’ ಕೂಡ ಹೀಗೇ. ಕೊನೆಯಲ್ಲಿ ಇ, ಟಿ ಬಂದರೆ ಸದ್ದಿಲ್ಲದ್ದು. ಟಿ, ಇ ಬಂದರೆ ‘ಸಾಕಷ್ಟು’.

ಕೆಲವು ಸಲ ಅಚ್ಚು ಸರಿಯಾಗಿಯೇ ಇರುತ್ತದೆ, ಕಣ್ಣು ತಪ್ಪುತ್ತದೆ. ಫೋನಿನ ಚಿಕ್ಕ ಪರದೆಯಲ್ಲಿ ಸಣ್ಣ ಆರ್ ಪಕ್ಕ ಸಣ್ಣ ಎನ್ ಬಂದರೆ ಎರಡೂ ಅಂಟಿಕೊಂಡು ಎಮ್ ಥರ ಕಾಣುತ್ತವೆ. ‘ಮಾಡರ್ನ್’ ಹೋಗಿ ‘ಮೋಡೆಮ್’ ಆಗುತ್ತದೆ! ಎರಡು ಬೆರಳಿಂದ ಹಿಗ್ಗಿಸಿ ನೋಡಿದರೆ ಆರ್‌ನ ಪುಟ್ಟ ಕೊಕ್ಕೆ ಬೇರೆಯಾಗಿ ಕಾಣುತ್ತದೆ.

ವಾಕ್ಯ ಅರ್ಥವಾಗದಿದ್ದರೆ ಸುಮ್ನೆ ‘ನನಗೆ ಇಂಗ್ಲಿಷ್ ಬರಲ್ಲ’ ಅಂದುಕೊಳ್ಳಬೇಡಿ. ತಪ್ಪು ಹಾಳೆಯದ್ದೂ ಇರಬಹುದಲ್ವಾ? ಆ ಸಾಲಿನ ಫೋಟೊ ತೆಗೆದು ಇಲ್ಲಿ ಹಾಕಿ. ತಿದ್ದಿದ ಹಾಳೆ ಇವತ್ತು ಸಂಜೆ ಕಳಿಸುತ್ತೇನೆ.