ಕೊಳಲು, ಹಾರ್ಪ್ ಮತ್ತು ನಿಮ್ಮೆಲ್ಲರಿಗೂ

ಕಿಮೋ ಮುಗಿಯಿತು. ಸ್ಕ್ಯಾನ್ ನೋಡಿದ ಡಾಕ್ಟರು, ಇನ್ನು ಆಗಾಗ ಬಂದು ತೋರಿಸಿದರೆ ಸಾಕು ಅಂದರು. ರಕ್ತ ಕೊಟ್ಟವರು, ಬುತ್ತಿ ಕಳಿಸಿದವರು, ಆಸ್ಪತ್ರೆಯಲ್ಲಿ ರಾತ್ರಿ ಕೂತ ತಮ್ಮ, ಮನೆ ನೋಡಿಕೊಂಡ ಅತ್ತಿಗೆ, ನಿಮ್ಮ ಋಣ ದೊಡ್ಡದು. ತಮ್ಮನ ಮಗಳ ಉಪಕಾರವನ್ನು ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು.

ಡ್ರಿಪ್ ಹಾಕಿಸಿಕೊಂಡು ಕೂತಾಗ ದೇವರನಾಮ, ಭಾವಗೀತೆ ಯಾವುದೂ ಕೇಳಲಾಗುತ್ತಿರಲಿಲ್ಲ. ಸಾಹಿತ್ಯ ಕಿವಿಗೆ ಬಿದ್ದರೆ ಅಳು. ಅದನ್ನು ಕಂಡು ಅವಳು ಫೋನಿಗೆ ಯುರೋಪಿನ ಸಂಗೀತಗಾರ ಮೊಜಾರ್ಟನ ಕೊಳಲು–ಹಾರ್ಪ್ ಕಾನ್ಚೆರ್ಟೊ ಹಾಕಿಕೊಟ್ಟಳು. ಹಾರ್ಪ್ ಅಂದರೆ ಬೆರಳಿಂದ ಮೀಟುವ ದೊಡ್ಡ ತಂತಿವಾದ್ಯ; ಕಾನ್ಚೆರ್ಟೊ ಅಂದರೆ ಮುಖ್ಯ ವಾದ್ಯದ ಜೊತೆಗೆ ವಾದ್ಯವೃಂದವೂ ನುಡಿಸುವ ಕೃತಿ. 1778ರಲ್ಲಿ ಪ್ಯಾರಿಸ್‌ನಲ್ಲಿ ಒಬ್ಬ ಡ್ಯೂಕ್‌ಗೋಸ್ಕರ ಬರೆದದ್ದಂತೆ. ಅವನು ಕೊಳಲುಗಾರ, ಮಗಳು ಹಾರ್ಪ್ ನುಡಿಸುವವಳು. ತಿಂಗಳುಗಳು ಕಳೆದರೂ ಡ್ಯೂಕ್ ದುಡ್ಡು ಕೊಟ್ಟಿಲ್ಲವೆಂದು ಮೊಜಾರ್ಟ್ ತಂದೆಗೆ ಬರೆದ. ಜೊತೆಗೆ ಬಂದಿದ್ದ ತಾಯಿ ಅದೇ ವರ್ಷದ ಜುಲೈಯಲ್ಲಿ ಆ ಊರಲ್ಲೇ ತೀರಿಕೊಂಡಳು.

ನನಗೆ ಶಾಸ್ತ್ರ ತಿಳಿಯದು, ಕಿವಿಗೆ ಬಿದ್ದದ್ದು ಹೇಳುತ್ತೇನೆ. ಮೊದಲ ಭಾಗದಲ್ಲಿ ದರ್ಬಾರಿನ ಗತ್ತು ಜಾಸ್ತಿ, ಎಷ್ಟೋ ಸಲ ದಾಟಿಸಿದ್ದೇನೆ. ಎರಡನೆಯದು, ಆಂಡಾಂಟೀನೊ ಅನ್ನುವ ನಿಧಾನಗತಿಯ ಭಾಗ, ಅದೇ ನನ್ನನ್ನು ಹಿಡಿದು ಕೂರಿಸಿದ್ದು. ಅಲ್ಲಿ ವಾದ್ಯವೃಂದದ ಓಬೋ, ಹಾರ್ನ್ ಅನ್ನುವ ಊದುವ ವಾದ್ಯಗಳು ಸುಮ್ಮನಾಗುತ್ತವೆ, ತಂತಿವಾದ್ಯಗಳಷ್ಟೇ ಜೊತೆಗಿರುತ್ತವೆ. ಹಾರ್ಪಿನ ಸ್ವರ ಮೀಟಿದ ಮೇಲೆ ಕರಗುತ್ತಾ ಹೋಗುತ್ತದೆ, ಕೊಳಲು ಉಸಿರಿರುವಷ್ಟು ಹೊತ್ತು ಎಳೆಯುತ್ತದೆ. ಒಂದು ಬಿಟ್ಟದ್ದನ್ನು ಇನ್ನೊಂದು ಎತ್ತಿಕೊಳ್ಳುವುದು ಕೇಳುತ್ತಾ ಸೂಜಿ ಮರೆಯುತ್ತಿತ್ತು. ಇದು ಶ್ರೀಮಂತರ ಮನೆಯ ಹಗುರ ಸಂಗೀತ ಅನ್ನುವವರೂ ಇದ್ದಾರೆ. ಇರಲಿ, ಭಾರದ್ದು ನನಗೆ ಆಗ ಬೇಕೂ ಇರಲಿಲ್ಲ.

ಆಮೇಲೆ ಬೇರೆಯವನ್ನೂ ಕೇಳಿದೆ. ಹ್ಯಾಂಡೆಲನ 1736ರ ಹಾರ್ಪ್ ಕಾನ್ಚೆರ್ಟೊ ಚೆಂದ, ಚಿಕ್ಕದು, ಬೆಳಗಿನ ಕಾಫಿಗೆ ಸರಿ. ಮೊಜಾರ್ಟನದೇ ಜಿ ಮೇಜರ್ ಸ್ವರಶ್ರೇಣಿಯ ಕೊಳಲು ಕಾನ್ಚೆರ್ಟೊದಲ್ಲಿ ಕೊಳಲಿಗೆ ತನ್ನ ಚಾತುರ್ಯ ತೋರಿಸುವ ಆತುರ ಕಂಡಿತು, ನನಗಷ್ಟೇ ಇರಬಹುದು.

ಕ್ಯಾನುಲಾ (ಡ್ರಿಪ್ಪಿನ ನಳಿಕೆ) ಇದ್ದ ಕೈಗೆ ಸಿಕ್ಕಿಕೊಂಡ ಇಯರ್‌ಫೋನ್ ವೈರನ್ನು ಪ್ರತಿಸಲ ಬಿಡಿಸಿಕೊಟ್ಟ ಸಿಸ್ಟರ್, ನಿಮಗೆ ನಮಸ್ಕಾರ. ಪಕ್ಕದ ಕುರ್ಚಿಯ ಹಿರಿಯರೇ, ಒಂದು ಇಯರ್‌ಫೋನ್ ಇಸಕೊಂಡು ಕೇಳಿ "ವೀಣೆ ಯಾರದು?" ಅಂದಿರಲ್ಲ, ಆ ವಾರ ನಾನು ನಕ್ಕದ್ದು ಅದೊಂದೇ ಸಲ. ನಿಮಗೂ ಬೇಗ ಗುಣವಾಗಲಿ.

ಪುಟ್ಟಿ, ನೀನು ಕಳಿಸಿದ ಬೋಯೆಲ್ದಿಯೂನ ಹಾರ್ಪ್ ಕಾನ್ಚೆರ್ಟೊ ಪೂರ್ತಿ ಕೇಳಿದೆ. ಹಿಡಿಸಲಿಲ್ಲ. ಬೇಜಾರು ಮಾಡ್ಕೋಬೇಡ, ಇನ್ನೊಂದು ಕಳಿಸು.