ಗುರುವಾರದ ಸೊನ್ ಮಿ ಭೇಟಿ: ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ. ಗುರುವಾರ ಬೆಳಿಗ್ಗೆ 7ಕ್ಕೆ ಹೋಯ್ ಆನ್ ಹೋಟೆಲ್‌ನಿಂದ ಬಸ್ ಹೊರಡುತ್ತದೆ. ಹೋಗುತ್ತಿರುವುದು ವಿಯೆಟ್ನಾಂನ ಸೊನ್ ಮಿ ಸ್ಮಾರಕಕ್ಕೆ, ಅಂದರೆ ನಾವೆಲ್ಲ ಮೈ ಲಾಯ್ ಅಂತ ಕೇಳಿರುವ ಜಾಗ. ವಿಯೆಟ್ನಾಂ ಯುದ್ಧದ ಹೊತ್ತಿನಲ್ಲಿ, 1968ರ ಮಾರ್ಚ್ 16ರಂದು ಅಮೆರಿಕದ ಸೈನಿಕರು ಇಲ್ಲಿನ ನಿರಾಯುಧ ಹಳ್ಳಿಗರನ್ನು ಕೊಂದರು. ಸ್ಮಾರಕದ ಲೆಕ್ಕದಲ್ಲಿ ಸತ್ತವರು 504 ಜನ, ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಶಿಕ್ಷೆಯಾದದ್ದು ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ ಒಬ್ಬನಿಗೆ, ಅದೂ ಅನುಭವಿಸಿದ್ದು ಕೆಲವೇ ವರ್ಷ, ಬಹುಪಾಲು ಗೃಹಬಂಧನ. ಆ ದಿನ ಹತ್ಯೆಯ ನಡುವೆ ಹೆಲಿಕಾಪ್ಟರ್ ಇಳಿಸಿ ಕೆಲವರನ್ನು ಉಳಿಸಿದ ಹ್ಯೂ ಥಾಂಪ್ಸನ್ ಕೂಡ ಅಮೆರಿಕದ ಸೈನಿಕನೇ.

ಮ್ಯೂಸಿಯಂ ಒಳಗಿನ ಫೋಟೊಗಳನ್ನು ನೋಡುವುದು ಕಷ್ಟ. ಚಿಕ್ಕ ಮಕ್ಕಳಿರುವವರು ಹೊರಗೇ ಇರಬಹುದು, ಆದರೆ ಅಲ್ಲಿನ ಸಿಮೆಂಟ್ ದಾರಿಯಲ್ಲೂ ಬರಿಗಾಲಿನ ಹೆಜ್ಜೆ, ಬೂಟಿನ ಗುರುತು, ಸೈಕಲ್ ಗಾಲಿಯ ಗೆರೆ ಮೂಡಿಸಿದ್ದಾರೆ, ಮಕ್ಕಳು ಕೇಳಿಯೇ ಕೇಳುತ್ತಾರೆ, ಎಷ್ಟು ಹೇಳಬೇಕು ಅಂತ ಮೊದಲೇ ಯೋಚಿಸಿಕೊಳ್ಳಿ. ಸೆಲ್ಫಿ, ರೀಲ್ಸ್ ಬೇಡ. ಊರಿನವರು ಈಗಲೂ ಅಲ್ಲೇ ಬದುಕುತ್ತಿದ್ದಾರೆ, ಅಲ್ವಾ? ಮೈ ಮುಚ್ಚುವ ಬಟ್ಟೆ, ಟೋಪಿ, ನೀರು ಇರಲಿ.

ಬರದೇ ಇರುವವರು ನಾಳೆ ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ, ಊಟದ ಲೆಕ್ಕ ಹೇಳಬೇಕು. ಸುಮ್ನೆ ಥಂಬ್ಸ್ ಅಪ್ ಹಾಕಿದರೆ ಯಾರು ಬರುತ್ತಾರೆ ಅಂತ ಗೊತ್ತಾಗಲ್ಲ.