ಹಗೆಯ ಕಥೆ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ಎರಡು ಠಾಕೂರ ಮನೆತನಗಳ ಹಗೆ ಕುರಿತ ನಿನ್ನ ಕಥೆ ಓದಿದೆ. ‘ಕ್ಷತ್ರಿಯ’ ಎಂಬ ಹಿಂದಿ ಚಿತ್ರ ನೋಡಿದ ರಾತ್ರಿಯೇ ಬರೆಯಲು ಕುಳಿತೆ ಎಂದಿದ್ದೀಯೆ. ಆ ಬಿಸಿ ಪುಟಪುಟದಲ್ಲೂ ಇದೆ, ಅದನ್ನು ಆರಲು ಬಿಡಬೇಡ. ಆದರೆ ಹಗೆಯನ್ನು ನೀನು ಕಂಡಿರುವ ಬಗೆಯಲ್ಲಿ ನನಗೊಂದು ತಕರಾರಿದೆ.

ನಿನ್ನ ಕಾಗದ ಬಂದ ಮೇಲೆ ನಾನೂ ಆ ಚಿತ್ರವನ್ನು ಮತ್ತೊಮ್ಮೆ ನೋಡಿದೆ. 1993ರದು, ಜೆ.ಪಿ. ದತ್ತಾ ನಿರ್ದೇಶನ. ಒಂದಕ್ಕೊಂದು ಹಗೆಯಾದ ಎರಡು ರಾಜಮನೆತನಗಳು. ಹಿರಿಯರ ಸಾಲಿನಲ್ಲಿ ಸುನಿಲ್ ದತ್, ಧರ್ಮೇಂದ್ರ, ವಿನೋದ್ ಖನ್ನಾ, ರಾಖಿ. ಕಿರಿಯರಲ್ಲಿ ಸನ್ನಿ ಡಿಯೋಲ್, ಸಂಜಯ್ ದತ್, ಮೀನಾಕ್ಷಿ ಶೇಷಾದ್ರಿ, ರವೀನಾ ಟಂಡನ್. ದಿವ್ಯಾ ಭಾರತಿಯೂ ಇದ್ದಾಳೆ. ಚಿತ್ರ ಬಂದ ಕೆಲವೇ ದಿನಗಳಲ್ಲಿ, ಏಪ್ರಿಲ್ 5ರಂದು, 19ನೇ ವಯಸ್ಸಿಗೇ ಅವಳು ತೀರಿಕೊಂಡಳು. ಅವಳು ತೆರೆಯ ಮೇಲೆ ಬಂದಾಗಲೆಲ್ಲ ನನಗೆ ಕಥೆ ಮರೆತುಹೋಗುತ್ತದೆ.

ನೀನು ಮೆಚ್ಚಿದ್ದು ಕತ್ತಿ, ಕುದುರೆ, ಗುಡುಗುವ ಸಂಭಾಷಣೆ. ಮೆಚ್ಚು, ತಪ್ಪಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಆ ಚಿತ್ರ ತೆರೆಗೆ ಬರುವ ಹೊತ್ತಿಗೆ ಸಂವಿಧಾನದ 26ನೇ ತಿದ್ದುಪಡಿಯಿಂದ, ಮಾಜಿ ಅರಸರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ರದ್ದಾಗಿ ಇಪ್ಪತ್ತು ವರ್ಷ ದಾಟಿತ್ತು. ಜೈಪುರದ ರಾಮಬಾಗ್ ಅರಮನೆಯಂತೂ 1957ರಲ್ಲೇ ಹೋಟೆಲಾಗಿತ್ತು. ಪಟ್ಟ ಹೋಯಿತು, ಸೈನ್ಯ ಹೋಯಿತು, ಕಡೆಗೆ ಬಿರುದೂ ಹೋಯಿತು. ಅಂಥ ಮನೆಯ ಹಿರಿಯನೊಬ್ಬ ತಾನಿನ್ನೂ ಅರಸನೆಂದು ನಂಬಬೇಕಾದರೆ ಅವನಿಗೆ ಎದುರುಮನೆಯ ವೈರಿಯೊಬ್ಬ ಬೇಕೇಬೇಕು. ಹಗೆ ತೀರಿದ ದಿನ ಅವನು ಬರಿಯ ಮುದುಕ. ನಿನ್ನ ಠಾಕೂರ ಯಾಕೆ ರಾಜಿಗೆ ಒಪ್ಪುವುದಿಲ್ಲ ಎಂಬುದಕ್ಕೆ ನೀನು ಕೊಟ್ಟಿರುವ ಕಾರಣ ‘ರಕ್ತದ ಗುಣ’. ಅದು ಕಾರಣವಾಗುವುದಿಲ್ಲ, ತಂಗಿ. ಹಗೆ ಬಿಟ್ಟರೆ ಅವನ ಪಾಲಿಗೆ ಏನು ಉಳಿಯುತ್ತದೆ ಎಂದು ಕೇಳಿಕೊಂಡು ಬರೆ.

ಇನ್ನು, ನಿನ್ನ ಕಥೆಯಲ್ಲಿ ಒಂದು ಮನೆ ಪೂರ್ತಿ ಒಳ್ಳೆಯದು, ಇನ್ನೊಂದು ಪೂರ್ತಿ ಕೆಟ್ಟದ್ದು. ರನ್ನನ ದುರ್ಯೋಧನನನ್ನು ನೆನೆದುಕೋ. ಹೆಣಗಳ ನಡುವೆ ನಡೆಯುತ್ತಾ ಅವನು ಅಭಿಮನ್ಯುವಿನ ಮುಂದೆ ನಿಲ್ಲುತ್ತಾನೆ. ಶತ್ರುವಿನ ಮಗ, ತನ್ನ ಕಡೆಯವರೇ ಸುತ್ತುವರಿದು ಕೊಂದ ಹುಡುಗ. ಅವನಿಗೆ ಕೈಮುಗಿದು, ನಿನ್ನ ಸಾಹಸದ ಒಂದು ಪಾಲಿನಷ್ಟಾದರೂ ಇರುವ ಸಾವು ನನಗೂ ದೊರೆಯಲಿ ಎನ್ನುತ್ತಾನೆ. ಛಲ ಬಿಟ್ಟದ್ದರಿಂದ ಬಂದ ಮಾತು ಅದಲ್ಲ. ಆಮೇಲೂ ಅವನು ಗದೆ ಹಿಡಿದೇ ಸಾಯುತ್ತಾನೆ. ವೈರಿಯನ್ನು ಕಂಡು ತಲೆಬಾಗುವ ಒಂದು ಗಳಿಗೆ ನಿನ್ನ ಎರಡೂ ಮನೆಗಳಿಗೆ ಬೇಕು.

ಎಲ್ಲಕ್ಕಿಂತ ಮುಖ್ಯವಾದುದನ್ನು ಈಗ ಹೇಳುತ್ತೇನೆ. ರಾಜಸ್ಥಾನದ ಮೇವಾಡದ ರಾಜಕುಮಾರಿ ಕೃಷ್ಣಕುಮಾರಿಯ ಚರಿತ್ರೆ ಓದು. ಅವಳನ್ನು ಮೊದಲು ಜೋಧಪುರದ ಭೀಮಸಿಂಹನಿಗೆ ಕೊಡುವುದೆಂದಾಗಿತ್ತು. 1803ರಲ್ಲಿ ಅವನು ತೀರಿಕೊಂಡ. ಬಳಿಕ ಜೈಪುರದ ಜಗತ್‌ಸಿಂಹನಿಗೆ ಮಾತಾಯಿತು. ಜೋಧಪುರದ ಗದ್ದುಗೆಗೆ ಬಂದಿದ್ದ ಮಾನಸಿಂಹ, ನಿಶ್ಚಯವಾದದ್ದು ಗದ್ದುಗೆಗೆ, ಆದ್ದರಿಂದ ಹುಡುಗಿ ನನಗೇ ಸಲ್ಲಬೇಕು ಎಂದ. ದಂಡು ಹೊರಟಿತು, ಜೋಧಪುರಕ್ಕೆ ಮುತ್ತಿಗೆ ಬಿತ್ತು, ಮರಾಠಾ ದೊರೆ ಸಿಂಧಿಯಾ, ಪಠಾಣ ದಂಡನಾಯಕ ಅಮೀರ್ ಖಾನ್ ಎಲ್ಲರೂ ನಡುವೆ ಬಂದರು. ಕೊನೆಗೆ 1810ರಲ್ಲಿ, ಜಗಳ ತೀರಲೆಂದು, ಅವಳ ತವರುಮನೆಯವರೇ ಅವಳಿಗೆ ವಿಷ ಕುಡಿಸಿದರು. ಹದಿನಾರರ ಹುಡುಗಿ! ಇದನ್ನು ಓದಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ಆ ಮಾನಸಿಂಹ ಜೈಪುರದ ಮೇಲಿನ ಗೆಲುವಿನ ಗುರುತಾಗಿ ಕಟ್ಟಿಸಿದ ಜಯಪೋಲ್ ಬಾಗಿಲು ಜೋಧಪುರದ ಮೆಹರಾನ್‌ಗಢ ಕೋಟೆಯಲ್ಲಿ ಇಂದಿಗೂ ಇದೆ. ಅದನ್ನು ದಾಟಿ ಏರು ಹತ್ತಿದರೆ ಲೋಹಾಪೋಲ್ ಎಂಬ ಇನ್ನೊಂದು ಬಾಗಿಲು. ಅಲ್ಲಿ ಗೋಡೆಯ ಮೇಲೆ ಸಾಲಾಗಿ ಪುಟ್ಟ ಪುಟ್ಟ ಅಂಗೈಗಳು, ಸತಿ ಹೋದ ರಾಣಿಯರವು. 1843ರಲ್ಲಿ ಇದೇ ಮಾನಸಿಂಹ ಸತ್ತಾಗ ಅವನ ಚಿತೆ ಏರಿದವರ ಅಂಗೈಗಳೂ ಅವುಗಳಲ್ಲಿವೆ. ಜನ ಕುಂಕುಮ ಹಚ್ಚುತ್ತಾರೆ, ಹೂಮಾಲೆ ಹಾಕುತ್ತಾರೆ. ದೊಡ್ಡ ಬಾಗಿಲು ಅವನದು. ಬೆಲೆ ತೆತ್ತವರ ಪಾಲಿಗೆ ಬಂದದ್ದು ಅಂಗೈಯಗಲದ ಕಲ್ಲು.

ನಿನ್ನ ಕಥೆಯಲ್ಲಿ ಇಬ್ಬರು ಠಾಕೂರರ ಕತ್ತಿವರಸೆಗೆ ನಾಲ್ಕು ಪುಟ ಕೊಟ್ಟಿದ್ದೀಯೆ. ವೈರಿಮನೆಯಿಂದ ಬಂದ ಸೊಸೆ ‘ಕಣ್ಣೊರೆಸಿಕೊಂಡು ಒಳಗೆ ಹೋದಳು’ ಎಂಬುದು ಒಂದೇ ಸಾಲು. ನೀನು ಅವಳ ಹಿಂದೆ ಒಳಗೆ ಹೋಗಲೇ ಇಲ್ಲ. ಅಲ್ಲಿ ಯಾರಿದ್ದರು? ಅತ್ತೆ ಅವಳಿಗೆ ನೀರು ಕೊಟ್ಟಳೇ, ಮುಖ ತಿರುಗಿಸಿದಳೇ? ಹೊರಗೆ ಕತ್ತಿಯ ಸದ್ದು ನಿಂತಾಗ ಅವಳು ಯಾರ ಸಾವಿಗೆ ಹೆದರಿದಳು, ಗಂಡನದಕ್ಕೋ ಅಣ್ಣನದಕ್ಕೋ?

ಕತ್ತಿವರಸೆಯನ್ನು ಒಂದು ಪುಟಕ್ಕೆ ಇಳಿಸಿ ಉಳಿದ ಮೂರನ್ನು ಅವಳಿಗೆ ಕೊಡು. ಆ ಕರಡನ್ನು ದೀಪಾವಳಿ ಸಂಚಿಕೆಗೆ ಕಳುಹಿಸುವ ಮೊದಲು ನನಗೊಮ್ಮೆ ಕಳುಹಿಸು, ಕಾಯುತ್ತಿರುತ್ತೇನೆ.

ಇಂತು,
ನಿನ್ನ ಅಕ್ಕ